ಹೆಗಲು ಬದಲಿಸುವ ಪೆಟ್ಟು

ಗುಂಡವ್ವ ಹೊಸ್ತಿಲ ಹೊರಗೇ ನಿಂತು, ಸೆರಗನ್ನು ತಲೆಯ ಮೇಲಕ್ಕೆ ಎಳೆದುಕೊಂಡು, "ಯಾರು ಹ್ವಾದ್ರಬೇ ಸುಂದರಿ?" ಎಂದು ಕೇಳಿದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸುಂದರವ್ವನ ಕೈ ನಿಂತಿತು. ಕಂಪ್ಯೂಟರಿನ ಮುಂದೆ ಕುಳಿತಿದ್ದ ಅವಳ ಮಗ ಸುನೀಲಕುಮಾರ ಮೌಸಿನ ಮೇಲಿನ ಬೆರಳು ತೆಗೆಯದೆಯೇ ತಿರುಗಿ ನೋಡಿದ. ಮುದುಕಿಯ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಸಾವಿನ ಮನೆಯ ಬಾಗಿಲಲ್ಲಿ ಹೇಗೆ ನಿಲ್ಲಬೇಕೋ ಹಾಗೆ ನಿಂತಿದ್ದಳು, ಒಂದು ಕೈ ಚೌಕಟ್ಟಿಗೆ ಹಚ್ಚಿ, ಚಪ್ಪಲಿ ಆಚೆ ಬಿಟ್ಟು. ಕೋಣೆಯಲ್ಲಿ ಅವನ ಹೊಸ ಹಾಡು ನಡೆದಿತ್ತು. ಬೆಳಿಗ್ಗೆಯಿಂದ ಅದು ನಾಲ್ಕನೆಯ ಸಲ.

"ಯಾರೂ ಹೋಗಿಲ್ಲ ದೊಡ್ಡವ್ವ," ಎಂದ. "ಹಾಡದು. ಮದುವಿ ಮೆರವಣಿಗಿಗಿ ಮಾಡೇನಿ."

"ಮದುವಿಗಿ?" ಗುಂಡವ್ವ ಒಳಗೆ ಬಂದು ಗೋಡೆಗೆ ಆತು ಕುಳಿತಳು. "ಹೆಣದ ಮುಂದ ಬಾರ್ಸು ನಡಿಗಿ ಅದು. ಯಾರ ಮದುವಿಗೋ?"

"ಸುಮ್ನಿರಬೇ. ನಿನಗ ಕಿವಿ ಮಂದ," ಎಂದ ಸುನೀಲಕುಮಾರ.

"ಕಿವಿ ಮಂದ ಇದ್ರೇನಾತು? ನಿಮ್ಮಪ್ಪನ ಮಗ್ಗಲಕ ನಿಂತು ನನ್ನ ಗಂಡ ಹದಿನೈದು ವರ್ಸ ಹಲಗಿ ಬಾರ್ಸ್ಯಾನ. ಸಿದ್ರಾಮನ ಕೈ ನನಗ ತಿಳಿಯಂಗಿಲ್ಲೇನು?" ಆಕೆ ತಲೆ ಓರೆ ಮಾಡಿ ಇನ್ನಷ್ಟು ಕೇಳಿದಳು. "ಆದ್ರ ಇಲ್ಲಿ ತಪ್ಪೈತಿ ನೋಡು. ಆರು ಪೆಟ್ಟು ಆದಮ್ಯಾಗ ಏಳನೇದು ತಡದು ಬೀಳಬೇಕು. ಹೊತ್ತವ್ರು ಹೆಗಲ ಬದಲ್ಸಾಕ ಹೊತ್ತು ಬೇಕಲ್ಲ? ನೀ ಮಾಡಿದಂಗ ಬಾರ್ಸಿದ್ರ ಹೊತ್ತವ್ರು ಎಡವಿ ಬೀಳ್ತಾರ. ಹೆಣಾ ಎದ್ದು ತಾನ ನಡಕೋತ ಹೋಕ್ಕೈತಿ."

ತನ್ನ ಮಾತಿಗೆ ತಾನೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಸುಂದರವ್ವ ನಗಲಿಲ್ಲ. ಹಿಟ್ಟು ಮೆತ್ತಿದ ಕೈಗಳನ್ನು ಮಡಿಲ ಮೇಲೆ ಹಾಗೇ ಹಿಡಿದುಕೊಂಡು ಮಗನ ಬೆನ್ನನ್ನು ನೋಡುತ್ತಿದ್ದಳು.

ಏಳನೆಯ ಪೆಟ್ಟು ತಡವಾಗಿ ಬೀಳುತ್ತಿದ್ದುದು ಅವನಿಗೆ ಗೊತ್ತಿತ್ತು. ಅದನ್ನು ನೇರ ಮಾಡಿದವನೇ ಅವನು. ಮೂರು ತಿಂಗಳ ಹಿಂದೆ, ಜೋಳ ಕೊಯ್ಲಿಗೆ ಬಂದಿದ್ದ ದಿನಗಳ ಒಂದು ಮಧ್ಯಾಹ್ನ, ಗೌಂಡಿ ಕೆಲಸವಿಲ್ಲದೆ ಮನೆಯಲ್ಲಿದ್ದ ಅಪ್ಪ ತಗಡಿನ ಟ್ರಂಕಿಗೆ ಒರಗಿ ತೂಕಡಿಸುತ್ತಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಬೆರಳುಗಳು ಮಾತ್ರ ಎಚ್ಚರವಿದ್ದವು. ಎಡಗೈಯ ಹೆಬ್ಬೆರಳು ಒಂದು, ಬಲಗೈಯ ನಾಲ್ಕು ಬೆರಳು ಎರಡು, ಮತ್ತೆ ಹೆಬ್ಬೆರಳು. ಟ್ರಂಕಿನ ಪಕ್ಕೆಯ ಮೇಲೆ ಅವು ತಮ್ಮ ಪಾಡಿಗೆ ಯಾವುದೋ ಹಾದಿ ಹಿಡಿದು ಹೊರಟಿದ್ದವು. ಸುನೀಲಕುಮಾರ ಉಸಿರು ಹಿಡಿದು ಮೈಕಿನ ವಾಯರನ್ನು ನೆಲದ ಮೇಲೆ ಸರಿಸುತ್ತ ಟ್ರಂಕಿನ ಹತ್ತಿರ ಇಟ್ಟ. ನಾಲ್ಕು ನಿಮಿಷ ಸಿಕ್ಕಿತು. ಹದಿನೆಂಟು ವರ್ಷದಿಂದ ಆ ಮನುಷ್ಯ ಹಲಗಿ ಮುಟ್ಟಿರಲಿಲ್ಲ. ಮನೆಯಲ್ಲಿ ಆ ಶಬ್ದವನ್ನೇ ಯಾರೂ ಆಡುತ್ತಿರಲಿಲ್ಲ. ಕದ್ದದ್ದನ್ನು ಪರದೆಯ ಮೇಲೆ ಹರಡಿದಾಗ ಪೆಟ್ಟುಗಳೆಲ್ಲ ಜಾಲಿ ಮುಳ್ಳಿನ ಸಾಲಿನಂತೆ ಕಂಡವು. ಪ್ರತಿ ಏಳನೆಯ ಮುಳ್ಳು ಗೆರೆಯ ಆಚೆ ಬಿದ್ದಿತ್ತು. ಸಿಮೆಂಟು ತಿಂದ ಬೆರಳು, ಬಾಗುವುದಿಲ್ಲ, ಅಂದುಕೊಂಡ. ಒಂದು ಗುಂಡಿ ಒತ್ತಿದ. ಎಲ್ಲ ಪೆಟ್ಟುಗಳೂ ಸಾಲಿ ಮಕ್ಕಳ ಹಾಗೆ ಗೆರೆಯ ಮೇಲೆ ಬಂದು ನಿಂತವು. ಅವುಗಳ ಕೆಳಗೆ ಕಿಕ್ ಡ್ರಮ್ಮು ಇಟ್ಟ, ಕಿಕ್ಕಿನ ಕೆಳಗೆ ಬೇಸ್ ಇಟ್ಟ, ವೇಗ ಏರಿಸಿದ. ಜೀವನದಲ್ಲಿ ಮೊದಲ ಸಲ ತಾನು ಮಾಡಿದ್ದನ್ನು ಕೇಳಿ ಅವನ ತೋಳಿನ ಕೂದಲು ನಿಂತವು.

ಆ ಹಾಡು ಈಗ ಪೆನ್‌ಡ್ರೈವಿನಲ್ಲಿ ಸೇರಿ ಇಂಡಿ ಊರಿನ ನಬಿಲಾಲನ ಕಿಸೆಯಲ್ಲಿತ್ತು. ಟ್ರ್ಯಾಕ್ಟರಿನ ಮೇಲೆ ಎಂಟು ಬೇಸ್ ಸ್ಪೀಕರ್ ಡಬ್ಬಿ ಕಟ್ಟಿಕೊಂಡು ಮದುವೆ ಮದುವೆ ತಿರುಗುವ ನಬಿಲಾಲ ಏಳು ಗಂಟೆಗೇ ಬಂದು ಒಯ್ದಿದ್ದ. ಹತ್ತೂವರೆಗೆ ಹನುಮಂತದೇವರ ಗುಡಿಯಿಂದ ಮದುಮಗನ ಮೆರವಣಿಗೆ ಹೊರಡುತ್ತದೆ. ಮಂಗಲ ಕಾರ್ಯಾಲಯಕ್ಕೆ ಹೋಗಬೇಕಾದರೆ ಸರ್ಕಲ್ ದಾಟಲೇಬೇಕು. ಸರ್ಕಲಿನಲ್ಲಿ, ಬಾಬಾಸಾಹೇಬರ ಮೂರ್ತಿಯ ಕಟ್ಟೆಯ ಮಗ್ಗುಲಿನ ಬೆಂಚಿನ ಮೇಲೆ, ಕೆಲಸವಿಲ್ಲದ ದಿನ ಅವನ ಅಪ್ಪ ಹನ್ನೊಂದೂವರೆಯವರೆಗೆ ಪೇಪರ್ ಓದುತ್ತ ಕುಳಿತಿರುತ್ತಾನೆ. ಇವತ್ತೂ ಕೆಲಸವಿರಲಿಲ್ಲ.

"ನಬಿಲಾಲಗ ಫೋನ್ ಹಚ್ಚು," ಎಂದಳು ಸುಂದರವ್ವ. "ಅದನ್ನ ಹಾಕಬ್ಯಾಡ, ಬ್ಯಾರೇದು ಹಾಕು ಅನ್ನು."

"ಯಾಕ?"

"ಯಾಕ ಅಂತೀಯಲ್ಲ. ಮದುವಿ ಯಾರ ಮನಿದು ಅಂತ ನಿನಗ ಗೊತ್ತೈತಿ."

ಗೊತ್ತಿತ್ತು. ಗೊತ್ತಿದ್ದೇ ಒಪ್ಪಿಕೊಂಡಿದ್ದ. ಕನ್ನೊಳ್ಳಿ ದಾಟಿದರೆ ಸಿಗುವ, ತಾವು ಬಿಟ್ಟುಬಂದ ಹಳ್ಳಿಯ ಗೌಡರ ಮೊಮ್ಮಗನ ಮದುವೆ. ಅದೇ ಗೌಡರ ವಾಡೆಯ ಮುಂದೆ, ಯಾರು ಹುಟ್ಟಿದರೂ ಯಾರು ಸತ್ತರೂ ಕರೆದಾಗ ಹೋಗಿ ಅಪ್ಪ ಬಾರಿಸಬೇಕಿತ್ತು. ಬೌದ್ಧ ದೀಕ್ಷೆ ತೆಗೆದುಕೊಂಡು ಲಾರಿಯಲ್ಲಿ ನಾಗಪುರದಿಂದ ಮರಳಿದ ಮರುದಿನ ಅಪ್ಪ ಚಾವಡಿಯ ಮುಂದೆ ಹಲಗಿಗೆ ಬೆಂಕಿ ಹಚ್ಚಿದ. ಸುಟ್ಟ ಚರ್ಮದ ಆ ವಾಸನೆಯೊಂದೇ ಸುನೀಲಕುಮಾರನಿಗೆ ನೆನಪು. ಆಗ ಅವನಿಗೆ ನಾಲ್ಕು ವರ್ಷ. ಆಮೇಲೆ ಗಿರಣಿಯಲ್ಲಿ ಹಿಟ್ಟು ಬೀಸಿಕೊಡಲಿಲ್ಲ ಎಂದು, ಬಾವಿಯ ಹಗ್ಗ ಕತ್ತರಿಸಿದರು ಎಂದು ಅವ್ವ ಹೇಳುತ್ತಿದ್ದಳು, ಅಪ್ಪ ಎಂದೂ ಹೇಳಿರಲಿಲ್ಲ. ಒಂದು ಹೊರಸು, ಒಂದು ಟ್ರಂಕು ಹೊತ್ತು ಸಿಂದಗಿಗೆ ಬಂದವರು ಅವರು. ಗೌಡರ ಹುಡುಗರ ಕಾಲು ತನ್ನ ತಾಳಕ್ಕೆ ಏಳಬೇಕು, ತಾನು ಏರಿಸಿದಾಗ ಏರಬೇಕು, ಇಳಿಸಿದಾಗ ಇಳಿಯಬೇಕು ಎಂದು ಅವನು ಆ ಹಾಡನ್ನು ಹದಿನಾರು ದಿನ ತಿದ್ದಿದ್ದ. ಅದು ಹೆಣದ ನಡಿಗೆ ಎಂದು ಮಾತ್ರ ಗೊತ್ತಿರಲಿಲ್ಲ. ಯಾರು ಹೇಳಬೇಕು? ಬಿಟ್ಟವರು ಬಿಟ್ಟದ್ದರ ಹೆಸರನ್ನೂ ಸುಟ್ಟಿದ್ದರು.

"ನಿಮ್ಮಪ್ಪ ಸರ್ಕಲ್ದಾಗ ಕುಂತಿರ್ತಾನ," ಎಂದಳು ಅವ್ವ. "ಅವನ ಕಿವಿಗಿ ಬಿದ್ರ?"

"ಬಿದ್ರೇನ್ ಮಾಡ್ತಾನ? ಮಾತು ಬಿಡ್ತಾನ. ಈಗರೆ ಎಷ್ಟು ಆಡ್ತಾನ?"

ಗುಂಡವ್ವ ಇವರ ಮಾತಿಗೆ ಕಿವಿಗೊಟ್ಟಿರಲಿಲ್ಲ. ಗೋಡೆಗೆ ತಲೆ ಹಚ್ಚಿ ಕಣ್ಣು ಮುಚ್ಚಿದ್ದಳು. "ನನ್ನ ಗಂಡ ಹ್ವಾದಾಗ ಬಾರ್ಸವ್ರು ಯಾರೂ ಇದ್ದಿದ್ದಿಲ್ಲ," ಎಂದಳು. "ಎಲ್ಲಾರೂ ಬಿಟ್ಟಿದ್ರಲ್ಲ. ಬಿಟ್ಟಿದ್ದು ಛಲೋನ ಆತು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅವತ್ತ ಹಾದ್ಯಾಗ ಬರೇ ಮಂದಿ ಕಾಲಿನ ಸಪ್ಪಳ ಕೇಳತಿತ್ತು. ಕುರಿ ಹಿಂಡು ಹ್ವಾದಂಗ." ಕಣ್ಣು ತೆರೆದು, "ಇನ್ನೊಮ್ಮೆ ಹಚ್ಚು ನೋಡೂಣು, ತಮ್ಮಾ," ಎಂದಳು.

ಅವನು ಹಚ್ಚುವುದಕ್ಕೆ ಕೈ ಚಾಚಿದ. ಆದರೆ ಹತ್ತೂವರೆಗೆ ಹೋಗಬೇಕಾಗಿದ್ದ ಕರೆಂಟು ಹತ್ತು ನಿಮಿಷ ಮೊದಲೇ ಹೋಯಿತು. ಯುಪಿಎಸ್ಸು ಕೂಗತೊಡಗಿತು. ಪರದೆ ಆರಿಸಿ ಎದ್ದು ನಿಂತ. ಮುದುಕಿ ಇನ್ನೂ ಕಾಯುತ್ತಿದ್ದಳು.

ಹಿತ್ತಲಿಗೆ ಬಂದು ನೀರಿನ ಡ್ರಮ್ಮಿನ ಪಕ್ಕ ನಿಂತು ನಬಿಲಾಲನಿಗೆ ಫೋನು ಹಚ್ಚಿದ. ಆಚೆಯಿಂದ ಜನರೇಟರಿನ ಗದ್ದಲ, ಯಾರೋ ಡಬ್ಬಿ ಕಟ್ಟುತ್ತ ಬೈದಾಡುವ ದನಿ. "ಹೇಳು ಉಸ್ತಾದ್," ಎಂದ ನಬಿಲಾಲ, "ನಿನ್ನ ಹೊಸಾ ಹಾಡು ಸಣ್ಣಗ ಹಚ್ಚಿ ಕೇಳಿದೆ. ಈ ಸಲ ಮಾಂಸ ಐತಿ ನೋಡು. ತಾಳಿಕೋಟ್ಯಾಗ ಹಚ್ಚಿದ್ದು ಬರೇ ಎಲುವಿತ್ತು. ಇದನ್ನ ಸರ್ಕಲ್‌ಗೆ ಬಂದಾಗ ಹಚ್ಚಾಂವ, ಜನ ಅಲ್ಲೇ ಜಾಸ್ತಿ. ಫೋನ್ ಯಾಕ ಮಾಡಿದ್ದಿ?" ಬೇರೆಯದು ಹಾಕು ಎನ್ನಲು ತೆರೆದ ಬಾಯಿಯಿಂದ, "ಏನಿಲ್ಲ. ಬೇಸ್ ಕಡಿಮಿ ಮಾಡಬ್ಯಾಡ," ಎಂಬ ಮಾತು ಬಂತು. ಫೋನು ಕಿಸೆಗೆ ಹಾಕಿಕೊಂಡ ಮೇಲೂ ಆ ಮಾತನ್ನು ಆಡಿದವನು ಯಾರು ಎಂಬಂತೆ ಅಲ್ಲೇ ನಿಂತಿದ್ದ.

ತಾಳಿಕೋಟೆಯ ಎಲುಬಿನ ಅವಮಾನ ಇನ್ನೂ ಹಸಿಯಾಗಿತ್ತು. ಈ ಮನೆಯ ಮಾಡು ತಗಡಿನದು. ಹಾಡು ಕೂಡಿಸುವಾಗ ಬೇಸ್ ಒಂದು ಮಟ್ಟಕ್ಕೆ ಬಂದರೆ ತಗಡು ತಾನೂ ಗುಂಯ್ಯೆಂದು ಹಾಡತೊಡಗುತ್ತದೆ, ಗೋಡೆಯ ಗೂಡಿನಲ್ಲಿನ ಅವ್ವನ ತಂಬಿಗೆಗಳು ಒಂದೊಂದೇ ಹೆಜ್ಜೆ ಸರಿದು ಅಂಚಿಗೆ ಬರುತ್ತವೆ. ಅದೆಲ್ಲ ತನ್ನ ಹಾಡಿನ ದೋಷವೆಂದು ತಿಳಿದು, ತಗಡು ಹಾಡುವ ಆ ಒಂದು ಮಟ್ಟವನ್ನೇ ಪ್ರತಿ ಹಾಡಿನಿಂದ ಅವನು ಕತ್ತರಿಸುತ್ತಿದ್ದ. ಮನೆಯಲ್ಲಿ ಚೊಕ್ಕವಾಗಿ ಕೇಳುತ್ತಿತ್ತು. ತಾಳಿಕೋಟೆಯ ಬಯಲಲ್ಲಿ, ತಗಡಿಲ್ಲದ ಆಕಾಶದ ಕೆಳಗೆ, ಎಂಟು ಡಬ್ಬಿಗಳಿಂದ ಹೊರಟ ಹಾಡಿಗೆ ಹೊಟ್ಟೆಯೇ ಇರಲಿಲ್ಲ. ಕುಣಿಯಲು ನಿಂತವರು ನಿಂತೇ ಇದ್ದರು. ಮುದ್ದೇಬಿಹಾಳದ ಇನ್ನೊಬ್ಬ ಡಿಜೆಯ ಹುಡುಗರು, "ಏ, ರೇಡಿಯೋ ಹಚ್ಚ್ಯಾರ ನೋಡ್ರಲೇ," ಎಂದು ಸೀಟಿ ಹೊಡೆದಿದ್ದರು. ಮರುದಿನ ಮಾಡು ಹತ್ತಿ ತಗಡಿನ ಮೇಲೆಲ್ಲ ಕಲ್ಲು ಹೇರಿದ, ಒಳಗೋಡೆಗೆ ಅವ್ವನ ಕೌದಿಗಳನ್ನು ಹೊಡೆದ, ಕಿವಿಯನ್ನು ಹೊಸದಾಗಿ ಕಲಿಸಿದ. ಮನೆಯ ದನಿಯನ್ನು ತನ್ನ ದನಿಯೆಂದು, ತನ್ನ ದನಿಯನ್ನು ದೋಷವೆಂದು ತಿಳಿದು ಎಷ್ಟು ವರ್ಷ ಕತ್ತರಿಸಿ ಎಸೆದಿದ್ದೆ ಎಂಬ ಸಿಟ್ಟು ಹೋಗಿರಲಿಲ್ಲ. ಸಿಟ್ಟಿಗೆ ಅವನಲ್ಲಿ ಎಂದೂ ಬರವಿರಲಿಲ್ಲ. ಅದು ಯಾರ ಮೇಲೆ ಎಂಬುದೇ ಪ್ರತಿ ಸಲ ಕೊನೆಗೆ ಗೋಜಲಾಗುತ್ತಿತ್ತು.

ಅಂಗಿ ತೊಟ್ಟು ಓಣಿಗೆ ಇಳಿದ. ಹೋಗಿ ನಬಿಲಾಲನ ಕೈಯಿಂದ ಪೆನ್‌ಡ್ರೈವ್ ಕಿತ್ತುಕೊಳ್ಳುತ್ತೇನೆ ಎಂದು ಹತ್ತು ಹೆಜ್ಜೆ, ಕುಣಿಯಲಿ ಮಕ್ಕಳು, ತಮ್ಮದೇ ಹೆಣದ ಮುಂದೆ ಕುಣಿಯಲಿ, ನಿಂತು ನೋಡುತ್ತೇನೆ ಎಂದು ಹತ್ತು ಹೆಜ್ಜೆ. ಎರಡೂ ಒಂದೇ ದಾರಿಯಾಗಿದ್ದರಿಂದ ಕಾಲಿಗೆ ತೊಂದರೆಯಿರಲಿಲ್ಲ. ಬಿಸಿಲು ಆಗಲೇ ಡಾಂಬರಿಗೆ ಹತ್ತಿತ್ತು. ಸಾಲಿಯ ಗೋಡೆಯ ಪಕ್ಕ ಬಂದಾಗ ಯಾವಾಗಲೂ ಮಾಡುವಂತೆ ರಸ್ತೆಯ ಆಚೆ ಬದಿಗೆ ದಾಟಿದ. ಒಂಬತ್ತನೆಯ ತರಗತಿಯಲ್ಲಿದ್ದಾಗ ಈ ಗೋಡೆಯೊಳಗಿಂದಲೇ ಆಗಸ್ಟ್ ಹದಿನೈದರ ಪ್ರಭಾತ ಫೇರಿ ಹೊರಟಿತ್ತು. ಎಲ್ಲರ ಕೈಗೆ ಬಾವುಟ ಕೊಟ್ಟ ಗುರುಗಳು ಅವನ ಕೊರಳಿಗೆ ಡ್ರಮ್ಮು ಹಾಕಿದ್ದರು. "ನೀ ಬಾರ್ಸಪಾ, ನಿಮ್ಮ ಮಂದಿಗಿ ಕಲಿಸೂದು ಬ್ಯಾಡ," ಎಂದು ಪ್ರೀತಿಯಿಂದಲೇ ಹೇಳಿದ್ದರು, ಬೆನ್ನು ಕೂಡ ತಟ್ಟಿದ್ದರು. ಅವನು ಬಾರಿಸಿದ. ಅದನ್ನೇ ಇವತ್ತಿಗೂ ಯಾರಿಗೂ ಹೇಳಲಾಗಿಲ್ಲ: ಖುಷಿಯಿಂದ ಬಾರಿಸಿದ. ಕೋಲು ಚರ್ಮಕ್ಕೆ ತಾಗಿದ ಕೂಡಲೇ ಕೈಗೆ ಎಲ್ಲ ಗೊತ್ತಿತ್ತು, ಇನ್ನೂರು ಹುಡುಗರ ಕಾಲು ಅವನ ಕೈಯಲ್ಲಿತ್ತು. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಇಟ್ಟಿಗೆ ಹೊರುತ್ತಿದ್ದ ಅಪ್ಪ ನಿಂತು ನೋಡಿದ. ಆಮೇಲೆ ತಿರುಗಿ ಇಟ್ಟಿಗೆ ಎತ್ತಿಕೊಂಡ. ಮನೆಯಲ್ಲಿ ಬೈಯಲಿಲ್ಲ, ಹೊಡೆಯಲಿಲ್ಲ. ಎಂಟು ದಿನ ತಟ್ಟೆಯ ಮೇಲಿಂದ ಕಣ್ಣು ಎತ್ತಲಿಲ್ಲ. ಒಂಬತ್ತನೆಯ ದಿನ ಸುನೀಲಕುಮಾರ ಸಾಲಿ ಬಿಟ್ಟ. ಗುರುಗಳು ಅವಮಾನ ಮಾಡಿದರು, ಅದಕ್ಕೆ ಬಿಟ್ಟೆ ಎಂದು ಎಲ್ಲರಿಗೂ ಹೇಳಿದ, ಅದು ಸುಳ್ಳೂ ಅಲ್ಲ. ಆದರೆ ಅವಮಾನವಾದದ್ದು ತನಗೆ ಆ ಹೊತ್ತಿನಲ್ಲಿ ತಿಳಿದೇ ಇರಲಿಲ್ಲವಲ್ಲ, ಅಪ್ಪನ ಬೆನ್ನು ನೋಡಿದ ಮೇಲೆ ತಿಳಿಯಿತಲ್ಲ, ಅದು ಯಾವ ಲೆಕ್ಕ?

ಮೆರವಣಿಗೆ ಅವನಿಗೆ ಸರ್ಕಲಿನ ಈಚೆಗೇ ಸಿಕ್ಕಿತು. ಮುಂದೆ ನಬಿಲಾಲನ ಟ್ರ್ಯಾಕ್ಟರು, ಟ್ರೇಲರಿನಲ್ಲಿ ಮನೆಯೆತ್ತರಕ್ಕೆ ಡಬ್ಬಿಗಳು, ಅದರ ಹಿಂದೆ ಕುಣಿಯುವ ಹುಡುಗರು, ಅವರ ಹಿಂದೆ ಬಾಶಿಂಗ ಕಟ್ಟಿದ ಮದುಮಗ ತೆರೆದ ಜೀಪಿನಲ್ಲಿ. ಜೀಪಿನ ಮುಂದಿನ ಸೀಟಿನಲ್ಲಿ ಬಿಳಿಯ ರುಮಾಲಿನ ಹಿರಿಯ ಗೌಡರು, ಎಂಬತ್ತು ದಾಟಿದವರು, ಕೋಲಿನ ಮೇಲೆ ಎರಡೂ ಕೈ ಇಟ್ಟು ಕುಳಿತಿದ್ದರು. ಸುನೀಲಕುಮಾರ ಟ್ರೇಲರು ಹತ್ತಿದ. ನಬಿಲಾಲ ಅವನನ್ನು ಎಳೆದು ಮಿಕ್ಸರಿನ ಮುಂದೆ ನಿಲ್ಲಿಸಿ, "ನಿನ್ನ ಕೂಸು, ನೀನ ಎತ್ತಿಕೋ," ಎಂದು ಕಿವಿಯಲ್ಲಿ ಕೂಗಿದ. ಕೆಳಗಿಂದ ಮದುಮಗನ ಚಿಕ್ಕಪ್ಪನ ಮಗ ಶಾಂತಗೌಡ ಬೆವರಿದ ಮುಖ ಎತ್ತಿ, "ಏ ಸುನ್ಯಾ, ಹೊಸಾದು ಐತಂತಲ್ಲ, ಹಚ್ಚಲೇ," ಎಂದ. ಅವನಿಗೆ ಸುನೀಲಕುಮಾರನಷ್ಟೇ ವಯಸ್ಸು. ಸುನ್ಯಾ ಎಂದದ್ದು ಕಿವಿಯೊಳಗೆ ನೆಟ್ಟುಕೊಂಡಿತು. ಬೇರೆಯದು ಹಚ್ಚಲು ಹೊರಟಿದ್ದ ಬೆರಳು ಅಲ್ಲೇ ತಿರುಗಿ ಆ ಹೊಸದನ್ನೇ ಒತ್ತಿತು.

ಮೊದಲು ಬರೇ ಬೆರಳುಗಳ ಸದ್ದು ಬಂತು. ಟ್ರಂಕಿನ ಮೇಲೆ ತೂಕಡಿಸುವ ಮನುಷ್ಯನ ಬೆರಳುಗಳು ಅರ್ಧ ಊರಿಗೆ ಕೇಳುವಷ್ಟು ದೊಡ್ಡದಾಗಿ, ಸರ್ಕಲಿನ ಅಂಗಡಿಗಳ ಗೋಡೆಗೆ ಬಡಿದು ಮರಳಿ ಬಂದವು. ಆಮೇಲೆ ಕಿಕ್. ಆಮೇಲೆ ಎಂಟು ಡಬ್ಬಿಗಳ ಬಾಯಿಯಿಂದ ಬೇಸ್ ಹೊರಟು ಟ್ರೇಲರಿನ ಹಲಗೆಗಳು, ಅವನ ಮೊಣಕಾಲು, ಹೊಟ್ಟೆಯ ನೀರು ಎಲ್ಲ ಒಟ್ಟಿಗೆ ನಡುಗಿದವು. ಹುಡುಗರು ಒಂದೇ ಸಲ ಮೇಲಕ್ಕೆದ್ದರು. ಇದು ತಾಳಿಕೋಟೆಯಲ್ಲ. ಕಿರಾಣಿ ಅಂಗಡಿಯ ಡಬ್ಬಿಗಳು ಸರಿಯುತ್ತಿದ್ದವು, ಮಾಳಿಗೆಯ ಮೇಲಿನ ಹೆಂಗಸರು ಎದೆಯ ಮೇಲೆ ಕೈಯಿಟ್ಟು ನಗುತ್ತಿದ್ದರು. ಸುನೀಲಕುಮಾರ ತಾನು ಕಾದಿದ್ದ ಆನಂದ ಬರಲೆಂದು ನಿಂತ. ಹೆಣದ ಮುಂದೆ ಕುಣಿಯುತ್ತಿದ್ದಾರೆ, ಅವರ ಮದುಮಗನನ್ನು ಮಣ್ಣಿಗೆ ಒಯ್ಯುತ್ತಿದ್ದೇನೆ, ಒಬ್ಬನಿಗೂ ಗೊತ್ತಿಲ್ಲ ಎಂದು ಮನಸ್ಸಿನಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಹೇಳಿಕೊಂಡ. ಆ ಮಾತುಗಳು ಮೈಗೆ ತಾಗಲಿಲ್ಲ. ಮೈಗೆ ತಾಗುತ್ತಿದ್ದುದು ಬೇರೆ: ಬೇಸ್ ಎಷ್ಟು ಚೊಕ್ಕ ಕೂತಿದೆ, ಎರಡನೆಯ ಸುತ್ತಿನಲ್ಲಿ ಕಿಕ್ ಸ್ವಲ್ಪ ಮುಂದಾಗಿದೆ, ಅದನ್ನು ತಿದ್ದಬೇಕು. ಹೆಣ ಮದುವೆ ಎಲ್ಲ ಮರೆತು ಅವನು ತನ್ನ ಕೆಲಸ ಕೇಳುತ್ತಿದ್ದ. ಖುಷಿಯಾಗಿದ್ದ. ಅದು ತಿಳಿದ ಕೂಡಲೇ ಬೆಂಚಿನ ಕಡೆ ನೋಡಿದ. ಗುಂಪಿನ ತಲೆಗಳ ನಡುವೆ ಬೆಂಚು ಕಾಣಲಿಲ್ಲ.

ಕಂಡದ್ದು ಹಿರಿಯ ಗೌಡರು. ಅವರು ಕೋಲು ಊರಿ ಜೀಪಿನಲ್ಲೇ ಎದ್ದು ನಿಂತಿದ್ದರು. ಡಬ್ಬಿಗಳ ಕಡೆ ಅವರ ಕಣ್ಣಿರಲಿಲ್ಲ. ಮೆರವಣಿಗೆಯ ತೀರ ಮುಂದೆ, ಟ್ರ್ಯಾಕ್ಟರಿಗಿಂತಲೂ ಮುಂದೆ, ಖಾಲಿ ರಸ್ತೆಯ ಮೇಲೆ, ನೆಲದ ಮಟ್ಟದಲ್ಲಿ ಯಾರನ್ನೋ ಹುಡುಕುತ್ತಿದ್ದರು. ಬಾರಿಸುವವನು ನಡೆಯುತ್ತಿದ್ದ ಜಾಗ ಅದು. ಅಲ್ಲಿ ಯಾರೂ ಸಿಗದೆ ಪಕ್ಕದವನ ಹೆಗಲು ಹಿಡಿದು ಏನೋ ಕೇಳಿದರು. ಅವನು ಟ್ರೇಲರಿನ ಕಡೆ ಬೆರಳು ಮಾಡಿದ. ಜೀಪು ಮುಂದೆ ಸರಿದು ಟ್ರೇಲರಿನ ಮಗ್ಗುಲಿಗೆ ಬಂತು. ಗೌಡರು ಮುಖ ಎತ್ತಿ ನೋಡಿದರು. ಹಲ್ಲಿಲ್ಲದ ಬಾಯಿ ಅಗಲವಾಗಿತ್ತು.

"ಸಿದ್ಯಾನ ಕೈ ಅಲ್ಲೇನೋ ಇದು?" ಎಂದರು. ಕೇಳಿಸಲೆಂದು ಮತ್ತೊಮ್ಮೆ ಕೂಗಿದರು. "ನೀ ಸಿದ್ಯಾನ ಮಗ ಹೌದಲ್ಲ? ಛಲೋ ಆತು ಬಿಡು. ಸಿದ್ಯಾ ಮತ್ತ ನಮಗ ಬಾರ್ಸಾಕತ್ಯಾನ."

ಅದರಲ್ಲಿ ಕುಹಕವಿರಲಿಲ್ಲ. ಕಳೆದುಹೋದ ಎತ್ತು ಹದಿನೆಂಟು ವರ್ಷದ ಮೇಲೆ ತಾನೇ ಕೊಟ್ಟಿಗೆಗೆ ಬಂದರೆ ಆಗುವ ಸಂತೋಷ ಅದು. ಅದು ಹೆಣದ ನಡಿಗೆ ಎಂದು ಮುದುಕನಿಗೆ ತಿಳಿದಿರಲಿಲ್ಲ. ಕಿಕ್ಕಿನ ಕೆಳಗೆ, ನೇರವಾಗಿ ನಿಂತ ಏಳನೆಯ ಪೆಟ್ಟಿನೊಳಗೆ ಅದು ಹೂತುಹೋಗಿತ್ತು. ತಿಳಿದದ್ದು ಕೈ ಒಂದೇ. ಸುಟ್ಟು, ಊರು ಬಿಟ್ಟು, ಇಟ್ಟಿಗೆ ಹೊತ್ತು ಯಾರ ಕೈಗೂ ಸಿಗದಂತೆ ಅಪ್ಪ ಕಾಪಾಡಿಕೊಂಡಿದ್ದ ಕೈಯನ್ನು ಅವನು ತಾನಾಗಿ ತಂದು ಇವರ ಜೀಪಿನ ಮುಂದೆ ಇಟ್ಟಿದ್ದ.

ಸುನೀಲಕುಮಾರ ದನಿಯ ಗುಂಡಿಯನ್ನು ಪೂರ್ತಿ ಕೆಳಗೆ ಎಳೆದ.

ಸದ್ದು ನಿಂತ ಮೇಲೂ ಹುಡುಗರು ಅರ್ಧ ಸುತ್ತು ಕುಣಿದರು. ಆಮೇಲೆ ಮೇಲೆತ್ತಿದ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತರು. ಜನರೇಟರಿನ ಒಣ ಸದ್ದು, ಎಲ್ಲೋ ಒಂದು ಕೂಸು ಅಳುವುದು ಕೇಳಿತು.

"ಯಾಕಲೇ, ಏನಾತು?" ಎಂದ ಶಾಂತಗೌಡ.

"ಈ ಹಾಡು ಇಲ್ಲ."

"ಇಲ್ಲ ಅಂದ್ರ? ಈಗ ಇತ್ತಲ್ಲ. ಹೇಳಿದಷ್ಟು ಮಾಡೋ. ಬಾರ್ಸಲೇ."

ಹಚ್ಚಲೇ ಎಂದಿದ್ದವನು ಈಗ ಬಾರ್ಸಲೇ ಎಂದಿದ್ದ. ಯೋಚಿಸಿ ಆಡಿದ ಮಾತಲ್ಲ. ಸಿಟ್ಟಿನಲ್ಲಿ ಅಜ್ಜನ ಕಾಲದ ಶಬ್ದ ಬಾಯಿಗೆ ಬಂತು, ಅಷ್ಟೇ. ಸುನೀಲಕುಮಾರ ತನ್ನ ಕೈಗಳನ್ನು ನೋಡಿಕೊಂಡ. ಹೆಡ್‌ಫೋನು, ಮಿಕ್ಸರು, ಹದಿನಾರು ದಿನ ತಿದ್ದಿದ ಬೇಸ್, ಇವೆಲ್ಲ ತನ್ನನ್ನು ಆ ಖಾಲಿ ರಸ್ತೆಯ ಜಾಗದಿಂದ ಎತ್ತರಕ್ಕೆ ಒಯ್ದಿವೆ ಎಂದು ತಿಳಿದಿದ್ದ. ಟ್ರೇಲರು ನಾಲ್ಕು ಅಡಿ ಎತ್ತರವಿತ್ತು, ಅಷ್ಟು ಮಾತ್ರ ನಿಜ.

"ಬಾರ್ಸಂಗಿಲ್ಲ," ಎಂದ.

ನಬಿಲಾಲ ನಡುವೆ ಬಂದು ಅವನನ್ನು ಪಕ್ಕಕ್ಕೆ ತಳ್ಳಿದ. "ಏನೂ ಇಲ್ರಿ ಗೌಡ್ರ, ವಾಯರ್ ಲೂಜ್ ಆಗೈತಿ, ಒಂದ್ ಮಿನಿಟ್ರಿ," ಎಂದು ಕೆಳಗೆ ನಗುತ್ತ ಹೇಳಿ, ಮೇಲೆ ಹಲ್ಲು ಕಚ್ಚಿ, "ನಿಂದು ಸಿಟ್ಟು ಐತಿ, ನಂದು ಮನಿ ಐತಿ. ಇಳಿ ಮೊದಲ," ಎಂದ. ಇನ್ನಾವುದೋ ಸಿನಿಮಾದ ರಿಮಿಕ್ಸ್ ಹಚ್ಚಿದ. ಹುಡುಗರು ಎಂದಿನಂತೆ ಕುಣಿದರು. ಸುನೀಲಕುಮಾರ ಹಿಂಬದಿಯಿಂದ ಇಳಿಯುವಾಗ ಪೆನ್‌ಡ್ರೈವನ್ನೂ ಕೇಳಲಿಲ್ಲ. ಯಾರೂ ಅವನನ್ನು ತಡೆಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಮೆರವಣಿಗೆ ಅವನನ್ನು ಬದಿಗೆ ಸರಿಸಿ ಮುಂದೆ ಹೋಯಿತು. ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಮನೆಯಲ್ಲಿ ಇನ್ನೂ ಕರೆಂಟು ಬಂದಿರಲಿಲ್ಲ. ಬಾಗಿಲಿನ ಬೆಳಕಿಗೆ ಬೆನ್ನು ಹಾಕಿ ಅಪ್ಪ ನೆಲದ ಮೇಲೆ ಕುಳಿತಿದ್ದ. ಅವ್ವ ಒಲೆಯ ಮುಂದೆ, ಮುಖ ಗೋಡೆಗೆ. ಗುಂಡವ್ವ ಹೋಗಿದ್ದಳು. ದಾರಿಯುದ್ದಕ್ಕೂ ಉತ್ತರಗಳನ್ನು ಜೋಡಿಸಿಕೊಂಡು ಬಂದಿದ್ದ: ಗೊತ್ತಿರಲಿಲ್ಲ ಎಂದು, ಗೊತ್ತಿದ್ದೇ ಮಾಡಿದೆ ಎಂದು, ನೀನೇ ಹೇಳಿಕೊಟ್ಟಿದ್ದರೆ ಹೀಗಾಗುತ್ತಿತ್ತೇನು ಎಂದು. ಅಪ್ಪ ತಲೆ ಎತ್ತಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಯಾಕ ನಿಂದರ್ಸಿದಿ?" ಎಂದ.

"ಗೌಡ ನಿನ್ನ ಹೆಸರು ತಗದ ಯಪ್ಪಾ. 'ಸಿದ್ಯಾ ಮತ್ತ ನಮಗ ಬಾರ್ಸಾಕತ್ಯಾನ' ಅಂದ."

"ಅಂದ್ರ ಅನ್ಲಿ. ಅವನ ಬಾಯಾಗ ನಾ ಎಂದಿದ್ರೂ ಸಿದ್ಯಾನ. ಯಾಕ ನಿಂದರ್ಸಿದಿ ಅಂತ ಕೇಳಾಕತ್ತೇನಿ."

"ನೀ ಬಿಟ್ಟಿದ್ದದು. ನೀ ಮಲಗಿದಾಗ ಕದ್ದೆ."

"ಅವ್ರಿಗಿ ಬಾರ್ಸಂಗಿಲ್ಲ ಅಂದಿದ್ದೆ. ಮರೀತೇನಿ ಅಂದಿದ್ದಿಲ್ಲ." ಅಪ್ಪ ಕೆಮ್ಮಿದ, ಕೆಮ್ಮು ಮುಗಿಯುವವರೆಗೆ ಕೈ ಎತ್ತಿ ಮಗನನ್ನು ಸುಮ್ಮನಿರಿಸಿದ. "ಆ ನಡಿಗಿ ಸುರು ಮಾಡಿದ ಮ್ಯಾಲ ಮಣ್ಣು ಮುಟ್ಟೂ ತನಾ ಬಿಡಬಾರ್ದು. ಹಾದ್ಯಾಗ ಬಿಟ್ರ ಹೊತ್ತವ್ರು ಎಲ್ಲಿ ಇಳಸ್ಬೇಕು?"

"ಅಲ್ಲಿ ಯಾರೂ ಸತ್ತಿದ್ದಿಲ್ಲ ಯಪ್ಪಾ. ಮದುವಿ ಅದು."

"ಅದು ಬಾರ್ಸಾಂವ ನೋಡೂದಲ್ಲ."

ಒಲೆಯ ಮುಂದೆ ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಸ್ವಲ್ಪ ಹೊತ್ತು ತನ್ನ ಅಂಗೈಗಳನ್ನು ತೊಡೆಗೆ ಉಜ್ಜಿದ. ಸಿಮೆಂಟಿನಿಂದ ಬಿರಿದ ಅಂಗೈ ಲುಂಗಿಗೆ ಪರಪರ ಎಂದಿತು. "ನಿನ್ನ ಕಡೆ ಇರೂದು ಬರೇ ಹಾದಿ," ಎಂದ. "ಹೆಣಾ ಮಣ್ಣಿಗಿ ಇಳಸೂದು ಅದರಾಗ ಇಲ್ಲ. ನಿದ್ದ್ಯಾಗ ಇಳಸೂತನಾ ನಾ ಎಂದೂ ಹೋಗಿಲ್ಲ. ತಿರುಗು."

"ಯಾಕ?"

"ತಿರುಗು ಅಂದ್ನಿ. ಅಂಗಿ ಮ್ಯಾಗ ಮಾಡು."

ಸುನೀಲಕುಮಾರ ಅಪ್ಪನಿಗೆ ಬೆನ್ನು ಹಾಕಿ ಕುಳಿತು ಅಂಗಿಯನ್ನು ಕೊರಳಿನವರೆಗೆ ಎಳೆದುಕೊಂಡ. ಇಪ್ಪತ್ತೆರಡು ವರ್ಷದ ಬೆನ್ನಿಗೆ ಚಳಿ ಹತ್ತಿತು. ಹೊಡೆತ ಬೀಳುತ್ತದೆ ಎಂದು ಹಲ್ಲು ಕಚ್ಚಿದ. ಬಿತ್ತು. ಎಡಗೈಯ ಹೆಬ್ಬೆರಳು ಭುಜದ ಎಲುಬಿನ ಕೆಳಗೆ, ಬಲಗೈಯ ನಾಲ್ಕು ಬೆರಳು ಬೆನ್ನುಹುರಿಯ ಮಗ್ಗುಲಿಗೆ, ನೋಯುವಷ್ಟು ಗಟ್ಟಿಯಾಗಿ. ಹಾದಿ ಹೊರಟಿತು. ಅವನಿಗೆ ಗೊತ್ತಿದ್ದ ಹಾದಿಯೇ, ಆದರೆ ಪರದೆಯ ಮೇಲೆ ಕಂಡಿದ್ದ ಯಾವ ಗೆರೆಯೂ ಇಲ್ಲಿರಲಿಲ್ಲ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಅಪ್ಪನ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನಡಿಗೆ ಬದಲಾಯಿತು. ಅವನು ಎಂದೂ ಕೇಳಿರದ ಬಡಿತ. ಪೆಟ್ಟುಗಳು ಒಂದಕ್ಕೊಂದು ದೂರವಾದವು, ಕೆಳಗೆ ಇಳಿದವು, ಒಂದರ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎನ್ನುವಷ್ಟು ತಡವಾಗತೊಡಗಿದವು. ಅವನು ಎಣಿಸಲು ನೋಡಿ ಬಿಟ್ಟುಬಿಟ್ಟ. ಕೊನೆಗೆ ಎರಡೂ ಅಂಗೈ ಒಟ್ಟಿಗೆ, ಭಾರವಾದದ್ದನ್ನು ಹುಷಾರಾಗಿ ನೆಲಕ್ಕೆ ಇಡುವ ಹಾಗೆ, ಸೊಂಟದ ಮೇಲೆ ಬಂದು ಕೂತವು.

ಮುಗಿಯಿತೇ ಎಂದು ಕೇಳಲು ಬಾಯಿ ತೆರೆದ. ಕೈಗಳು ಎದ್ದಿರಲಿಲ್ಲ. ಬಾಯಿ ಮುಚ್ಚಿ, ಇನ್ನಷ್ಟು ಬಾಗಿ, ಕಾಯುತ್ತ ಕುಳಿತ.